ಮಕ್ಕಳ ಮಾತು ಬಾರದ ಟೀಚರ್ ಆಗಿ ಹೊರಡುವ ಮುನ್ನ

ಪ್ರಶ್ನೆ: ನಾನು ಬದಿಯಡ್ಕ ಸಮೀಪದವಳು, ವಯಸ್ಸು 27. ಡಿ.ಎಲ್.ಎಡ್. ಮುಗಿಸಿ, ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾಗಿ, ಮೂರು ವರ್ಷಗಳಿಂದ ಕನ್ನಡ ಮಾಧ್ಯಮದ ಅನುದಾನಿತ ಶಾಲೆಯೊಂದರಲ್ಲಿ ದಿನವೇತನಕ್ಕೆ ಒಂದನೇ ತರಗತಿ ನೋಡಿಕೊಳ್ಳುತ್ತಿದ್ದೇನೆ. ಈಗ ಮಾಲ್ದೀವ್ಸಿನ ಒಂದು ಸಣ್ಣ ದ್ವೀಪದಲ್ಲಿ ಎಲ್‌ಕೆಜಿ ಮಕ್ಕಳಿಗೆ ಕಲಿಸುವ ಕೆಲಸ ಬಂದಿದೆ. ಎರಡು ವರ್ಷದ ಕರಾರು. ಅವರ ಭಾಷೆ ನನಗೆ ಬಾರದು, ಇಂಗ್ಲಿಷ್ ಬಂದರೆ ಸಾಕು ಎಂದು ಏಜೆಂಟರು ಹೇಳುತ್ತಾರೆ. ನಾವು ಸಸ್ಯಾಹಾರಿಗಳು. ಅಮ್ಮನಿಗೆ ಹೆದರಿಕೆ. ಅಲ್ಲಿನ ದಿನಚರಿ ಹೇಗಿರುತ್ತದೆ? ಹೋಗಬಹುದೇ?

ಉತ್ತರ: ಟೀಚರೇ, ಹೋಗಬಹುದು. ಆದರೆ ‘ಇಂಗ್ಲಿಷ್ ಬಂದರೆ ಸಾಕು’ ಎಂಬ ಏಜೆಂಟರ ಮಾತನ್ನು ನಂಬಿಕೊಂಡು ಹೋಗಬೇಡಿ. 2010ರಿಂದ 2017ರವರೆಗೆ ನಾನು ಮಾಲ್ದೀವ್ಸಿನ ಉತ್ತರ ಭಾಗದ ಒಂದು ದ್ವೀಪದಲ್ಲಿ ನಾಲ್ಕೈದು ವರ್ಷದ ಮಕ್ಕಳ ಟೀಚರಾಗಿದ್ದೆ. ಊರಿಗೆ ಮರಳಿದ ಮೇಲೆ, ಹೊರದೇಶಕ್ಕೆ ಹೊರಡುವ ಶಿಕ್ಷಕಿಯರಿಗೆ ತಯಾರಿ ಮಾಡಿಸುತ್ತಿದ್ದೇನೆ. ಊಟ, ಸಂಬಳ, ಕಡಲು ಇವೆಲ್ಲ ಒಂದೆರಡು ತಿಂಗಳಲ್ಲಿ ಒಗ್ಗಿಹೋಗುವುದನ್ನು ಕಂಡಿದ್ದೇನೆ. ಒಗ್ಗದೆ ಉಳಿದು ಕೆಲವರನ್ನು ವರ್ಷ ತುಂಬುವ ಮೊದಲೇ ಊರಿಗೆ ಕಳುಹಿಸಿದ್ದು ಭಾಷೆಯೊಂದೇ. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ನಾವು ಕಾಸರಗೋಡಿನವರು. 1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿದ ನಂತರ ನಮ್ಮ ಕನ್ನಡ ಶಾಲೆಗಳ ಕಥೆ ಏನಾಯಿತು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಹೆತ್ತವರು ಶಾಲೆಯ ಗೇಟಿನ ಮುಂದೆ ಕುಳಿತದ್ದನ್ನು ನೀವೂ ಕಂಡಿರುತ್ತೀರಿ. ಅಂಥ ಒಂದು ಗೇಟಿನ ಮುಂದೆ ನಾನೂ ಕುಳಿತಿದ್ದೆ. ನನ್ನ ಅಕ್ಕನ ಮಗ ಆಗ ಒಂದನೇ ತರಗತಿಯಲ್ಲಿದ್ದ. ಮೂತ್ರಕ್ಕೆ ಹೋಗಬೇಕೆಂದು ಕೇಳಲು ಅವನಿಗೆ ಬಂದದ್ದು ಕನ್ನಡದಲ್ಲಿ ಮಾತ್ರ, ಟೀಚರಿಗೆ ಅದು ತಿಳಿಯಲಿಲ್ಲ. ಅವನು ಚಡ್ಡಿ ಒದ್ದೆ ಮಾಡಿಕೊಂಡು ಮನೆಗೆ ಬಂದ, ಮರುದಿನ ಶಾಲೆಗೆ ಹೋಗುವುದಿಲ್ಲವೆಂದು ಕಂಬ ಹಿಡಿದು ನಿಂತ. ಆ ಟೀಚರ್ ಕೆಟ್ಟವರಾಗಿರಲಿಲ್ಲ. ನೇಮಕದ ಆದೇಶ ಬಂದಿತ್ತು, ಬಂದು ಸೇರಿದ್ದರು.

ಈಗ ನೀವು ನೇಮಕದ ಆದೇಶ ಹಿಡಿದುಕೊಂಡು ಇನ್ನೊಂದು ನೆಲದ ಮಕ್ಕಳ ಮುಂದೆ ನಿಲ್ಲಲಿದ್ದೀರಿ. ಅಲ್ಲಿ ಯಾರೂ ಗೇಟಿನ ಮುಂದೆ ಕೂರುವುದಿಲ್ಲ, ಯಾಕೆಂದರೆ ಇಂಗ್ಲಿಷ್ ಮಾಧ್ಯಮ ಆ ದೇಶವೇ ಆರಿಸಿಕೊಂಡ ಪದ್ಧತಿ, ನಿಮ್ಮನ್ನು ಕರೆಸುತ್ತಿರುವುದೂ ಅದಕ್ಕಾಗಿಯೇ. ಆದರೆ ನಾಲ್ಕು ವರ್ಷದ ಮಗು ಯಾವ ಪದ್ಧತಿಗೂ ಒಪ್ಪಿಗೆ ಕೊಟ್ಟಿಲ್ಲ. ಅದಕ್ಕೆ ಬಾಯಾರಿಕೆ ಆಗುವುದು ಅಲ್ಲಿನ ಭಾಷೆಯಾದ ದಿವೆಹಿಯಲ್ಲಿ, ಹೊಟ್ಟೆ ನೋಯುವುದೂ ದಿವೆಹಿಯಲ್ಲೇ.

ನನ್ನ ಮೊದಲ ವಾರದಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಬ್ಬ ಹುಡುಗ ಬಾಗಿಲ ಬಳಿ ನಿಂತು ‘ಮಾಮ, ಮಾಮ’ ಎಂದು ಅಳುತ್ತಿದ್ದ. ತರಗತಿಯ ಸಹಾಯಕಿ ಅಂದು ರಜೆಯಲ್ಲಿದ್ದಳು. ಮಾಮ ಎಂದರೆ ನಮ್ಮಲ್ಲಿ ಅಮ್ಮನ ಅಣ್ಣನೋ ತಮ್ಮನೋ ತಾನೇ? ಸೋದರಮಾವನ ಮೇಲೆ ಪ್ರೀತಿಯಿರುವ ಮಗು ಎಂದುಕೊಂಡು, ಅಂಕಲ್ ಈಗ ಬರುತ್ತಾರೆ ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದೆ. ಅರ್ಧ ಗಂಟೆ ಅತ್ತ. ಕೊನೆಗೆ ಆ ದಾರಿಯಾಗಿ ಹೋಗುತ್ತಿದ್ದ ಸ್ಥಳೀಯ ಶಿಕ್ಷಕಿಯೊಬ್ಬರು ನಿಂತು ಹೇಳಿದರು: ದಿವೆಹಿಯಲ್ಲಿ ಮಾಮ ಎಂದರೆ ಅಜ್ಜಿ. ಅವನ ಅಮ್ಮ ರಾಜಧಾನಿ ಮಾಲೆಯಲ್ಲಿ ಕೆಲಸಕ್ಕಿದ್ದಳು, ಅವನನ್ನು ಸಾಕುತ್ತಿದ್ದದ್ದು ಅಜ್ಜಿ. ಮನೆ ಶಾಲೆಯಿಂದ ಮೂರು ಮನೆ ಆಚೆ. ಹೇಳಿಕಳುಹಿಸಿದೊಡನೆ ಅಜ್ಜಿ ಬಂದರು. ಅಂಗಳದ ಮರದಡಿಯ ಜೋಲಿಯಲ್ಲಿ, ಮಗುವಿನ ಕಣ್ಣಿಗೆ ಬೀಳುವಂತೆ ನಾಲ್ಕು ದಿನ ಕುಳಿತರು. ಐದನೆಯ ದಿನ ಅವರು ಬರಲಿಲ್ಲ, ಹುಡುಗ ಅಳಲಿಲ್ಲ. ಆ ಅರ್ಧ ಗಂಟೆಯ ಅಳು ಮಾತ್ರ ನನ್ನ ಕಿವಿಯಲ್ಲಿ ಈಗಲೂ ಇದೆ. ನನಗೆ ಒಂದೇ ಒಂದು ಪದ ಗೊತ್ತಿದ್ದಿದ್ದರೆ ಅವನು ಅಷ್ಟು ಹೊತ್ತು ಅಳಬೇಕಾಗಿರಲಿಲ್ಲ.

ಅಂದ ಹಾಗೆ, ಜೋಲಿ ಎಂದು ಬರೆದದ್ದು ನಮ್ಮ ಪದವನ್ನಲ್ಲ. ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಕಟ್ಟಿ ಮಾಡಿದ ಆಸನಕ್ಕೆ ಅವರು ಹೇಳುವುದೇ ಹಾಗೆ. ದಿವೆಹಿ ಸಿಂಹಳಕ್ಕೆ ಹತ್ತಿರದ ಭಾಷೆ. ಸಂಸ್ಕೃತ, ಪಾರಸಿ, ಅರಬ್ಬಿ ಮೂಲದ ಎಷ್ಟೋ ಪದಗಳು ಅವರ ಬಾಯಲ್ಲೂ ಇವೆ, ನಮ್ಮ ಬಾಯಲ್ಲೂ ಇವೆ. ದೋಣಿ ಅವರಿಗೂ ದೋಣಿಯೇ. ಶೌಚಾಲಯ ‘ಫಾಖಾನಾ’, ನಮ್ಮ ಹಿರಿಯರ ಪಾಯಖಾನೆ. ಸರಿಯಾಗಿದೆ ಎನ್ನಲು ‘ಬರಾಬರು’. ದೇಶದ ಹೆಸರು ‘ದಿವೆಹಿ ರಾಜ್ಜೆ’, ಅಂದರೆ ರಾಜ್ಯ. ನೀರು ‘ಫೆನ್’. ಹಳೆಯ ಪಕಾರ ಅವರಲ್ಲಿ ಫಕಾರವಾಗಿದೆ, ಹಳಗನ್ನಡದ ಪಾಲು ಹಾಲಾದ ಹಾಗೆ ಎಂದುಕೊಂಡರೆ ನೆನಪಿನಲ್ಲಿ ಉಳಿಯುತ್ತದೆ. ಆದರೆ ಕಿವಿಗೆ ಪರಿಚಿತವಾದದ್ದೆಲ್ಲ ಒಂದೇ ಅರ್ಥ ಎಂದು ನಂಬಬೇಡಿ, ಮಾಮ ಅದಕ್ಕೆ ಸಾಕ್ಷಿ. ‘ಹತೆ’ ಎಂದು ಮಗು ಎಣಿಸಿದರೆ ಅದು ಹತ್ತಲ್ಲ, ಏಳು.

ಇಷ್ಟಕ್ಕೂ ಅದು ನಮಗೆ ತೀರಾ ದೂರದ ಭಾಷೆಯೂ ಅಲ್ಲ. ನಮ್ಮದೇ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಜನರು ಆಡುವುದು ಇದರದೇ ಒಂದು ರೂಪ, ಮಹಲ್ ಎಂದು ಅದರ ಹೆಸರು. ಲಕ್ಷದ್ವೀಪದ ಉತ್ತರದ ಅಮೀನ್‌ದೀವಿ ದ್ವೀಪಗಳಂತೂ 1956ರವರೆಗೆ ನಮ್ಮ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು.

ಹೊರಡುವ ಮೊದಲೇ ಇಷ್ಟು ಪದಗಳನ್ನು ಬಾಯಿಪಾಠ ಮಾಡಿಕೊಳ್ಳಿ: ಆನ್ ಎಂದರೆ ಹೌದು, ನೂನ್ ಎಂದರೆ ಇಲ್ಲ, ಫೆನ್, ಫಾಖಾನಾ, ಮಮ್ಮ ಅಮ್ಮ, ಬಪ್ಪ ಅಪ್ಪ, ಮಾಮ ಅಜ್ಜಿ, ಕಾಫ ಅಜ್ಜ, ದತ್ತ ಅಕ್ಕ, ಬೇಬೆ ಅಣ್ಣ, ತದು ಎಂದರೆ ನೋವು. ಪಾಠದ ಪದಗಳು ಆಮೇಲೆ ಬರಲಿ. ತದು ಎಂದು ಹೇಳಿದ ಮಗುವಿನ ಮುಂದೆ ನೀವು ಮಂಡಿಯೂರಿ ಕುಳಿತು ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದರೂ ಸಾಕು, ಆ ಮಗು ಮರುದಿನ ತಾನಾಗಿ ಬಂದು ನಿಮ್ಮ ಕೈ ಹಿಡಿಯುತ್ತದೆ.

ಲಿಪಿಯ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು, ಏಕೆಂದರೆ ಎಲ್‌ಕೆಜಿ ಟೀಚರಿಗೆ ದಿನವೂ ಎದುರಾಗುವುದು ಅದೇ. ದಿವೆಹಿಯ ತಾನ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬಿ ಅಂಕಿಗಳಿಂದ, ಮುಂದಿನ ಒಂಬತ್ತು ಹಳೆಯ ಸ್ಥಳೀಯ ಅಂಕಿಗಳಿಂದ ಹುಟ್ಟಿದವು. ಅಂಕಿಯಿಂದ ಅಕ್ಷರ ಮಾಡಿಕೊಂಡ ಇಂಥ ಲಿಪಿ ಅಪರೂಪ. ಮೂಲಾಕ್ಷರಗಳು 24. ಅವುಗಳ ಮೇಲೆ, ಕೆಳಗೆ ಸ್ವರಚಿಹ್ನೆಗಳು ಕೂರುತ್ತವೆ. ಕಾಗುಣಿತ ಕಲಿಸಿದ ಕನ್ನಡದ ಟೀಚರಿಗೆ ಈ ಲೆಕ್ಕ ಒಂದು ದಿನದಲ್ಲಿ ಅರ್ಥವಾಗುತ್ತದೆ, ತಿಂಗಳೊಳಗೆ ಅಂಗಡಿಯ ಬೋರ್ಡ್ ಓದಬಹುದು. ಮಕ್ಕಳಿಗೆ ಮಾತ್ರ ಇದು ಸುಲಭವಲ್ಲ. ದಿವೆಹಿಯ ಅವಧಿಯಲ್ಲಿ ಬಲದಿಂದ, ಕುರ್‌ಆನ್ ಅವಧಿಯಲ್ಲಿ ಬಲದಿಂದ, ನೀವು ಬಂದೊಡನೆ ಎಡದಿಂದ. ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಾರೆ, ಹೆಸರನ್ನು ಕನ್ನಡಿಯಲ್ಲಿ ಕಂಡಂತೆ ಬರೆಯುತ್ತಾರೆ. ನಮ್ಮೂರಿನಿಂದ ಬಂದ ಕೆಲವು ಟೀಚರುಗಳು ಇದನ್ನು ಕಲಿಕೆಯ ದೋಷ ಎಂದು ವರದಿಯಲ್ಲಿ ಬರೆದುಬಿಟ್ಟದ್ದನ್ನು ನೋಡಿ ನನಗೆ ಬಹಳ ನೋವಾಗಿದೆ. ಅದು ದೋಷವಲ್ಲ. ಎರಡು ದಿಕ್ಕಿನ ಬರವಣಿಗೆಯನ್ನು ಒಟ್ಟಿಗೆ ಕಲಿಯುತ್ತಿರುವ ಕೈ ದಾರಿ ಹುಡುಕುತ್ತಿದೆ, ಅಷ್ಟೇ.

ನಾನು ಮಾಡಿದ ಉಪಾಯ ಇದು. ಇಂಗ್ಲಿಷ್ ಹಾಳೆಯ ಎಡ ಅಂಚಿನಲ್ಲಿ ಒಂದು ಸಣ್ಣ ದೋಣಿಯ ಚಿತ್ರ ಅಂಟಿಸಿದೆ. ದಿವೆಹಿ ಟೀಚರನ್ನು ಕೇಳಿಕೊಂಡೆ, ಅವರು ತಮ್ಮ ಹಾಳೆಯ ಬಲ ಅಂಚಿನಲ್ಲಿ ಅಂಥದ್ದೇ ದೋಣಿ ಅಂಟಿಸಿದರು. ದೋಣಿ ಎಲ್ಲಿದೆಯೋ ಅಲ್ಲಿಂದ ಹೊರಡಬೇಕು. ಮೂರು ತಿಂಗಳಲ್ಲಿ ಹೆಚ್ಚಿನ ಮಕ್ಕಳಿಗೆ ದೋಣಿಯೇ ಬೇಡವಾಯಿತು. ಆ ಟೀಚರ್ ಮತ್ತು ನಾನು ಗೆಳತಿಯರಾದದ್ದೂ ಆ ದೋಣಿಯಿಂದಲೇ.

ಇನ್ನು ಪಾಠಪುಸ್ತಕ. ಇಂಗ್ಲಿಷ್ ಚಿತ್ರಪುಸ್ತಕಗಳ ತುಂಬ ಬೆಟ್ಟ, ನದಿ, ಸೇತುವೆ, ಹಸು, ನಾಯಿಮರಿ. ನೀವು 12 ನದಿಗಳು ಹರಿಯುವ ಜಿಲ್ಲೆಯಿಂದ ಹೋಗುವವರು, ಮಾಲ್ದೀವ್ಸಿನಲ್ಲಿ ಒಂದೂ ನದಿ ಇಲ್ಲ. ಇಡೀ ದೇಶದ ಅತ್ಯಂತ ಎತ್ತರದ ಸಹಜ ನೆಲ ಕಡಲಮಟ್ಟದಿಂದ ಎರಡೂವರೆ ಮೀಟರಿಗಿಂತ ಕಡಿಮೆ. ನಾಯಿ ಸಾಕುವುದಕ್ಕೆ ನಿಷೇಧವಿದೆ. ನನ್ನ ತರಗತಿಯಲ್ಲಿ ಬೆಟ್ಟದ ಚಿತ್ರ ತೋರಿಸಿದಾಗ ಒಬ್ಬಳು ಅದನ್ನು ದೊಡ್ಡ ಅಲೆ ಎಂದಳು. ಆ ಮಗುವಿನ ಕಣ್ಣಿಗೆ ಅದೇ ನಿಜ, ನಾನು ತಿದ್ದಲಿಲ್ಲ. ಮರುದಿನದಿಂದ ಪುಸ್ತಕ ಬದಿಗಿಟ್ಟು ಆಮೆ, ಏಡಿ, ಮಳೆನೀರಿನ ಟ್ಯಾಂಕ್, ತೆಂಗಿನ ಗರಿ, ಜೀಗುಜ್ಜೆ ಇವುಗಳಿಂದ ಇಂಗ್ಲಿಷ್ ಶುರು ಮಾಡಿದೆ. ಹೌದು, ನಮ್ಮ ಜೀಗುಜ್ಜೆ ಅಲ್ಲಿ ಧಾರಾಳ. ಘಟ್ಟದ ಮೇಲಿನವರು ಅದನ್ನು ದೀವಿಹಲಸು ಎನ್ನುವುದು ಅಲ್ಲಿ ಕುಳಿತಾಗ ಬಹಳ ಚೆಂದ ಕೇಳಿಸುತ್ತದೆ.

ದಿನಚರಿ ಹೀಗಿರುತ್ತದೆ. ವಾರ ಶುರುವಾಗುವುದು ಭಾನುವಾರ, ರಜೆ ಶುಕ್ರವಾರ ಮತ್ತು ಶನಿವಾರ. ಅವರ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಶಾಲೆ ಬೆಳಗ್ಗೆ ಬೇಗ ತೆರೆಯುತ್ತದೆ. ಪುಟ್ಟ ಮಕ್ಕಳು ಮಧ್ಯಾಹ್ನದ ಮೊದಲೇ ಮನೆಗೆ ಹೋಗುತ್ತಾರೆ, ಆಮೇಲೆ ನಿಮಗೆ ಬರವಣಿಗೆಯ ಕೆಲಸ. 2015ರಲ್ಲಿ ಜಾರಿಗೆ ಬಂದ ಅವರ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಎಲ್‌ಕೆಜಿ, ಯುಕೆಜಿ ಎರಡೂ ಸೇರಿ ಬುನಾದಿ ಹಂತ. ಆಟದ ಮೂಲಕ ಕಲಿಕೆಗೆ ಅಲ್ಲಿ ಒತ್ತು. ಒಂದನೇ ತರಗತಿಯ ನಿಮ್ಮ ಅನುಭವವನ್ನು ಹಾಗೆಯೇ ಇಳಿಸಿ ನಾಲ್ಕು ವರ್ಷದ ಮಕ್ಕಳ ಕೈಯಲ್ಲಿ ನಕಲು ಬರೆಸಲು ಹೋಗಬೇಡಿ. ಎಲ್ಲರೂ ನಿಮ್ಮನ್ನು ಮಿಸ್ ಎನ್ನುತ್ತಾರೆ. ದ್ವೀಪವನ್ನು ಅರ್ಧ ಗಂಟೆಯಲ್ಲಿ ನಡೆದು ಸುತ್ತಿಬರಬಹುದು, ಹಾಗಾಗಿ ಸಂಜೆ ಎಲ್ಲಿ ಹೋದರೂ ನಿಮ್ಮ ವಿದ್ಯಾರ್ಥಿಗಳು ಎದುರಾಗುತ್ತಾರೆ. ಇದು ಕೆಲವರಿಗೆ ಉಸಿರುಕಟ್ಟಿಸುತ್ತದೆ. ನನಗೆ ಅದರಿಂದ ಉಪಕಾರವಾಯಿತು, ನನ್ನ ದಿವೆಹಿಯ ಅರ್ಧ ಪಾಲು ಕಡಲ ದಂಡೆಯಲ್ಲಿ ಆ ಮಕ್ಕಳಿಂದಲೇ ಬಂದದ್ದು.

ಈ ಜಾಗದಲ್ಲಿ ಒಂದು ಎಚ್ಚರಿಕೆ ಹೇಳುವುದಿದೆ. ನಿಮ್ಮ ಜೊತೆ ಕೇರಳದ, ತಮಿಳುನಾಡಿನ ಟೀಚರುಗಳು ಇರುವ ಸಾಧ್ಯತೆ ಬಹಳ, ಒಂದೇ ಮನೆಯಲ್ಲಿ ಇಡುತ್ತಾರೆ. ನಿಮಗೆ ಮಲಯಾಳ ಚೆನ್ನಾಗಿ ಬರುತ್ತದೆ. ಮೊದಲ ತಿಂಗಳಲ್ಲಿ ಆ ಕೋಣೆ ತಾಯಿಮನೆಯಂತೆ ತೋರುತ್ತದೆ, ಸಂಜೆಯಾದರೆ ಹೊರಗೆ ಹೋಗಲು ಮನಸ್ಸಾಗುವುದಿಲ್ಲ. ಅಲ್ಲಿಯೇ ಕುಳಿತುಬಿಟ್ಟರೆ ಎರಡು ವರ್ಷ ಮಾಲ್ದೀವ್ಸಿನಲ್ಲಿದ್ದೂ ಒಂದು ವಾಕ್ಯ ಕಲಿಯದೆ ಬರುತ್ತೀರಿ, ಅಂಥವರನ್ನು ನೋಡಿದ್ದೇನೆ. ವಾರದಲ್ಲಿ ಎರಡು ಸಂಜೆಯಾದರೂ ತರಗತಿಯ ಸಹಾಯಕಿಯ ಮನೆಯ ಜೋಲಿಯಲ್ಲಿ ಹೋಗಿ ಕುಳಿತುಕೊಳ್ಳಿ. ಆಕೆಯ ಸಂಬಳ ನಿಮಗಿಂತ ಕಡಿಮೆ ಇರಬಹುದು, ಓದು ಕಡಿಮೆ ಇರಬಹುದು, ಆದರೆ ತರಗತಿಯಲ್ಲಿ ಮಗುವಿಗೂ ನಿಮಗೂ ನಡುವೆ ಇರುವ ಏಕೈಕ ಸೇತುವೆ ಆಕೆ. ಎಲ್ಲರ ಮುಂದೆ ಆಕೆಗೆ ಆಜ್ಞೆ ಮಾಡುವ ಟೀಚರನ್ನು ಮಕ್ಕಳು ಬಹುಬೇಗ ಗುರುತಿಸುತ್ತಾರೆ.

ಊಟದ ಬಗ್ಗೆ ಹೆಚ್ಚು ಚಿಂತೆ ಬೇಡ, ಆದರೆ ಅಡುಗೆ ನೀವೇ ಮಾಡಿಕೊಳ್ಳಬೇಕು. ಅಲ್ಲಿ ಸೂರೆ ಮೀನು, ಅಂದರೆ ಟ್ಯೂನಾ, ಇಲ್ಲದ ಊಟವಿಲ್ಲ. ಬೆಳಗ್ಗೆ ರೊಟ್ಟಿಯ ಜೊತೆ ತೆಂಗಿನ ತುರಿ, ಈರುಳ್ಳಿ, ಮೀನು ಕಲಸಿದ ಮಸ್‌ಹುನಿ, ಮಧ್ಯಾಹ್ನ ಮೀನಿನ ಸಾರು ಗರುದಿಯ. ಸಂಜೆಯ ಕರಿದ ತಿಂಡಿಯೊಳಗೂ ಮೀನು ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಮಸ್ ಎಂದರೆ ಮೀನು, ಕೇಳಿಯೇ ಬಾಯಿಗೆ ಇಡಿ. ಮಕ್ಕಳು ತಮ್ಮ ಡಬ್ಬಿಯಿಂದ ಒಂದು ತುಂಡು ತೆಗೆದು ನಿಮಗೆ ಕೊಡುತ್ತಾರೆ. ತಿನ್ನಲಾಗದಿದ್ದರೂ ಕೈಯೊಡ್ಡಿ ತೆಗೆದುಕೊಳ್ಳಿ, ಹೊಟ್ಟೆ ತುಂಬಿದೆ ಎಂದು ತೋರಿಸಿ ಮತ್ತೆ ಅವರ ಡಬ್ಬಿಗೇ ಇಡಿ. ಮೂಗು ಮುಚ್ಚಿಕೊಂಡ ಒಬ್ಬ ಟೀಚರನ್ನು ಮಕ್ಕಳು ವರ್ಷಪೂರ್ತಿ ಮರೆಯಲಿಲ್ಲ. ತೆಂಗಿನಕಾಯಿ, ಕರಿಬೇವು, ನುಗ್ಗೆಸೊಪ್ಪು ಸಿಗುತ್ತವೆ. ಅಕ್ಕಿ, ಈರುಳ್ಳಿ, ಬಟಾಟೆಯೆಲ್ಲ 1981ರ ವ್ಯಾಪಾರ ಒಪ್ಪಂದದಂತೆ ನಮ್ಮ ದೇಶದಿಂದಲೇ ಹೋಗುತ್ತವೆ. ಕುಚ್ಚಲಕ್ಕಿ ಮಾತ್ರ ಸಿಗಲಿಲ್ಲ. ತರಕಾರಿ ದೋಣಿಯಲ್ಲಿ ಬರಬೇಕು, ಮಳೆಗಾಲದಲ್ಲಿ ಕಡಲು ಕೆರಳಿದರೆ ದೋಣಿ ತಡವಾಗುತ್ತದೆ. ಸಾಂಬಾರ ಪುಡಿ, ಹುಣಸೆಹುಳಿ, ಹಪ್ಪಳ, ಒಂದು ಸಣ್ಣ ಕುಕ್ಕರ್ ಒಯ್ದರೆ ನಿಶ್ಚಿಂತೆ.

ಧರ್ಮದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅದು ಇಸ್ಲಾಂ ರಾಷ್ಟ್ರ, ಪೌರತ್ವವೂ ಮುಸ್ಲಿಮರಿಗೆ ಮಾತ್ರ. ಪೂಜೆಗೆ ವಿಗ್ರಹ ಒಯ್ಯುವುದು ಕಾನೂನಿನ ಪ್ರಕಾರ ನಿಷಿದ್ಧ. ಆದ್ದರಿಂದ ಮನೆಯ ದೇವರ ಮೂರ್ತಿಯನ್ನು ಪೆಟ್ಟಿಗೆಯಲ್ಲಿ ಇಡಬೇಡಿ, ವಿಮಾನ ನಿಲ್ದಾಣದಲ್ಲೇ ತೊಂದರೆಯಾಗುತ್ತದೆ. ಪ್ರಾರ್ಥನೆ ಮನಸ್ಸಿನಲ್ಲಿ ಇರಲಿ. ತರಗತಿಯಲ್ಲಿ ಬೇರೆ ಧರ್ಮದ ಹಬ್ಬ, ಕಥೆ, ಚಿತ್ರ ಬೇಡ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಹೊರಗೆ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ತೋಳು ಮುಚ್ಚುವ ಚೂಡಿದಾರ ಸಾಕು. ಬ್ಯಾರಿ, ಮಾಪಿಳ್ಳೆ ಗೆಳತಿಯರ ಜೊತೆ ಬೆಳೆದ ನಿಮಗೆ ಇದರಲ್ಲಿ ಹೆಚ್ಚಿನದು ಹೊಸದೆನಿಸುವುದಿಲ್ಲ. ಆದರೆ ದೀಪಾವಳಿಯ ಸಂಜೆ ಹಣತೆಯಿಲ್ಲದೆ ಕುಳಿತಾಗ ದುಃಖ ಬರುತ್ತದೆ, ಪ್ರತಿ ವರ್ಷ ನನಗೆ ಬಂದಿದೆ.

ಹಣದ ವಿಷಯ ಚುಟುಕಾಗಿ. ಸಂಬಳ ರುಫಿಯಾದಲ್ಲೋ ಡಾಲರಿನಲ್ಲೋ ಎಂದು ಕೇಳಿ. ಅಧಿಕೃತ ದರ ಒಂದು ಡಾಲರಿಗೆ 15.42 ರುಫಿಯಾದ ಆಸುಪಾಸು, ಆದರೆ ಅಲ್ಲಿ ಡಾಲರಿನ ಕೊರತೆ ಆಗಾಗ ಆಗುತ್ತದೆ, ಬ್ಯಾಂಕುಗಳು ಊರಿಗೆ ಕಳುಹಿಸುವ ಮೊತ್ತಕ್ಕೆ ಮಿತಿ ಹಾಕುತ್ತವೆ. ಮನೆ ಸಾಲದ ಕಂತನ್ನು ಈ ಸಂಬಳದ ಮೇಲೆ ನಿಲ್ಲಿಸಬೇಡಿ. ಬಾಡಿಗೆ ಯಾರದು, ಆರೋಗ್ಯ ವಿಮೆ ಯಾರದು, ರಜೆಗೆ ಊರಿಗೆ ಬರುವ ಟಿಕೆಟ್ ಯಾರದು ಎಂಬುದು ಕರಾರಿನಲ್ಲಿ ಬರೆದಿರಲಿ. ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಬೇಕು. ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಣಿಯಾಗಿದೆಯೇ ನೋಡಿ. ನೋಂದಾಯಿತ ಏಜೆಂಟರು ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಪ್ರಮಾಣಪತ್ರಗಳ ದೃಢೀಕರಣಕ್ಕೆ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್ ಇದೆ, ದಲ್ಲಾಳಿ ಬೇಡ. ಪಿಎಸ್‌ಸಿ ರ‍್ಯಾಂಕ್ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ, ಕರೆ ಬಂದಾಗ ಮರಳಲು ಕರಾರಿನಲ್ಲಿ ದಾರಿಯಿದೆಯೇ ಎಂದು ಓದಿನೋಡಿ. ನಮ್ಮ ಕನ್ನಡ ಶಾಲೆಗಳಿಗೆ ನಿಮ್ಮಂಥವರು ಬೇಕು, ಇದನ್ನು ಹೇಳದೆ ಇರಲಾರೆ.

ಸಹಿ ಹಾಕುವ ಮೊದಲು ಶಾಲೆಗೆ ಒಂದು ಪತ್ರ ಬರೆದು ಎರಡು ಪ್ರಶ್ನೆ ಕೇಳಿ. ನನ್ನ ತರಗತಿಯಲ್ಲಿ ದಿವೆಹಿ ಮಾತನಾಡುವ ಸಹಾಯಕಿ ಪೂರ್ಣ ಸಮಯ ಇರುತ್ತಾಳೆಯೇ? ಒಟ್ಟು ಎಷ್ಟು ಮಕ್ಕಳು? ಮೊದಲ ಪ್ರಶ್ನೆಗೆ ಇಲ್ಲವೆಂದು ಬಂದರೆ, ಸಂಬಳ ಎಷ್ಟೇ ಇರಲಿ, ಬೇರೆ ಶಾಲೆ ನೋಡಿ. ಸಹಾಯಕಿಯಿಲ್ಲದೆ ಒಂದು ದಿನ ಏನಾಯಿತೆಂದು ಮೇಲೆ ಹೇಳಿದ್ದೇನೆ. ಎರಡು ವರ್ಷ ಹಾಗೆ ನಡೆಯಬಾರದು.

ನಿಮ್ಮ ಅಮ್ಮನಿಗೆ ಹೇಳಿ: ತಿರುವನಂತಪುರದಿಂದ ಮಾಲೆಗೆ ಸುಮಾರು 600 ಕಿಲೋಮೀಟರ್, ಹೆಚ್ಚುಕಡಿಮೆ ನಾವು ಕಾಸರಗೋಡಿನಿಂದ ತಿರುವನಂತಪುರಕ್ಕೆ ರೈಲಿನಲ್ಲಿ ಹೋಗುವಷ್ಟೇ ದೂರ. ಸಣ್ಣ ದ್ವೀಪದಲ್ಲೂ ಆರೋಗ್ಯ ಕೇಂದ್ರವಿರುತ್ತದೆ, ಅಲ್ಲಿನ ಡಾಕ್ಟರೋ ನರ್ಸೋ ನಮ್ಮ ದೇಶದವರೇ ಆಗಿರುವುದು ಸಾಮಾನ್ಯ. ಒಬ್ಬಳೇ ಹೆಂಗಸು ರಾತ್ರಿ ನಡೆದುಹೋಗಲು ನನ್ನ ದ್ವೀಪದಲ್ಲಿ ಯಾವತ್ತೂ ಅಂಜಬೇಕಾಗಿ ಬಂದಿಲ್ಲ. ಅಲ್ಲಿ ಎಂಟು ಗಂಟೆಯಾದಾಗ ಬದಿಯಡ್ಕದಲ್ಲಿ ಎಂಟೂವರೆ. ಅಡುಗೆ ಮುಗಿಸಿ ನೀವು ಫೋನ್ ಹಿಡಿದು ಕುಳಿತರೆ, ಅಮ್ಮ ಗಂಜಿ ಉಂಡು ಮಲಗುವುದಕ್ಕೆ ಇನ್ನೂ ಅರ್ಧ ಗಂಟೆ ಇರುತ್ತದೆ.